ಊರ ಹೊರಗಿನ ನಾಯಕಿ

ಯಾದಗಿರಿ
9 ಜುಲೈ 2023

ಪ್ರೀತಿಯ ಸುಂದ್ರಿ,

ಪರೀಕ್ಷೆಯ ಕೆಲಸಕ್ಕೆಂದು ವಡಗೇರಾಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ನಿನ್ನ ಯಜಮಾನರು ಬುದ್ಧಪ್ರಿಯ ಸಿಕ್ಕರು. ಕಚೇರಿ ಮುಗಿಸಿ ಶಹಾಪುರದ ಬಸ್ಸಿಗೆ ಕಾಯುತ್ತಿದ್ದರು. ನಿನಗೆ ಫೋನ್ ಮಾಡಲೋ ಬೇಡವೋ ಎಂದು ಇಷ್ಟು ದಿನದಿಂದ ಒದ್ದಾಡುತ್ತಿದ್ದೇನೆ ಎಂದೆ. ಅವರು ನಕ್ಕರು.

"ಫೋನ್ ಮಾಡಿ ಏನ್ ಮಾಡ್ತೀರಿ ಅಕ್ಕೋರ, ಆಕಿಗೆ ಹಲೋ ಅನ್ನಾಕೂ ಬರಂಗಿಲ್ಲ. ಮೊಬೈಲ್‌ನಾಗ ಬರದ್ರ ಜನ ಹೆಬ್ಬೆಟ್ಟು ಕಳಿಸಿ ಸುಮ್ಮನಾಗ್ತಾರ ಅಂತ ಸಿಟ್ಟಿಗೇಳ್ತಾಳ. ಕಾಗದ ಬರೀರಿ. ಕಾಗದ ಬಂದ್ರ ಓದ್ತಾಳ."

ಅದಕ್ಕೇ ಈ ಕಾಗದ.

ಸೊಲ್ಲಾಪುರದ ಆಸ್ಪತ್ರೆಗೆ ನಿನ್ನನ್ನು ನೋಡಲು ಬಂದ ದಿನ ನಾನು ಏನೇನು ಮಾತಾಡಿದೆನೋ ನೆನಪಿಲ್ಲ. ಬಿಸಿಲು, ರೈಲು, ಹಣ್ಣು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು ಎಂದು ಡಾಕ್ಟರು ಹೇಳಿದ್ದನ್ನು ಹೊರಗೆ ಕೇಳಿಸಿಕೊಂಡೇ ಒಳಗೆ ಬಂದಿದ್ದೆ. ನೀನು ಪಾಟಿಯ ಮೇಲೆ 'ಊಟ ಆಯ್ತಾ?' ಎಂದು ಬರೆದು ತೋರಿಸಿದೆ. ಆಯಿತು ಎಂದೆ. ಆಗಿರಲಿಲ್ಲ.

ನನ್ನ ಸುದ್ದಿ ಹೇಳುತ್ತೇನೆ, ನಗಬೇಡ. ಕಾದಂಬರಿ ಬರೆಯುತ್ತಿದ್ದೇನೆ. ಸುರಪುರದ ಮೇಲೆ ಇಂಗ್ಲಿಷರ ಪಡೆ ಬಂದ ವರ್ಷದ, 1858ರ ಕಥೆ. ರಾಜರು, ಸೇನಾಪತಿಗಳು ಯಾರೂ ಇದರೊಳಗೆ ಬರುವುದಿಲ್ಲ. ಅವರ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ಊರೆಲ್ಲ ಖಾಲಿಯಾದಾಗ ಹಿಂದೆ ಉಳಿಯುವ ಒಬ್ಬಳು ಹೆಂಗಸು ನನಗೆ ಬೇಕು. ನೀಲವ್ವ ಎಂದು ಹೆಸರಿಟ್ಟಿದ್ದೇನೆ. ಅರಮನೆಯ ದಾಸಿ.

ತೊಂದರೆ ಏನೆಂದರೆ ಅವಳು ಬದುಕುತ್ತಿಲ್ಲ. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು, ಇಸವಿಗಳೆಲ್ಲ ಸರಿಯಾಗಿವೆ. ಸುರಪುರಕ್ಕೆ ಹೋಗಿ ಬೆಟ್ಟ ಹತ್ತಿ ಇಳಿದೆ, ಹಳೆಯ ಗೋಡೆಗಳನ್ನು ಮುಟ್ಟಿ ನೋಡಿದೆ. ಊರು ನನಗೆ ಗೋಡೆ ಕೊಟ್ಟಿತು, ಮೆಟ್ಟಿಲು ಕೊಟ್ಟಿತು, ಆನೆ ಹಾಯುವಷ್ಟು ಎತ್ತರದ ಬಾಗಿಲು ಕೊಟ್ಟಿತು. ಮನುಷ್ಯರನ್ನು ಮಾತ್ರ ಕೊಡಲಿಲ್ಲ. ನನ್ನ ನೀಲವ್ವ ಆಗಸ್ಟ್ ಹದಿನೈದಕ್ಕೆ ವೇಷ ಹಾಕಿಕೊಂಡು ವೇದಿಕೆಯ ಮೇಲೆ ನಿಂತ ಹುಡುಗಿಯ ಹಾಗೆ ನಿಲ್ಲುತ್ತಾಳೆ. ಬಾಯಿ ತೆರೆದರೆ ಕಂಠಪಾಠ.

ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದಾಗ ನಿನ್ನ ಹತ್ತಿರ ಜನ ಇದ್ದರು. ವಾರ್ಡನ್ ಬಾಗಿಲು ದೂಡುವ ರೀತಿ, ಕಿರಾಣಿ ಅಂಗಡಿಯವನು ಮೂಗಿನಲ್ಲೇ ಉತ್ತರ ಕೊಡುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅದನ್ನು ಎಲ್ಲಿಂದ ತರುತ್ತಿದ್ದೆ ಎಂದು ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ನಿನ್ನ,
ದಾನಿ


ವನದುರ್ಗ
26 ಜುಲೈ 2023

ದಾನಿ,

ಕಾಗದ ಬಂತು. ಅಂಚೆಯವನು ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಇಡೀ ಓಣಿಗೆ ಕೇಳುವಂತೆ ಕೂಗಿದ. ಮಾತು ಹೋದವಳಿಗೆ ಕಿವಿಯೂ ಹೋಗಿದೆ ಎಂದು ಊರಿನವರು ತಿಳಿದಿದ್ದಾರೆ. ಕೆಲವರು ನನ್ನ ಜೊತೆ ತಾವೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ನಾನು ಸುಮ್ಮನೆ ತಲೆ ಆಡಿಸುತ್ತೇನೆ.

ಇದರಿಂದ ಒಂದು ಲಾಭ ಆಗಿದೆ. ನನ್ನ ಮುಂದೆ ಜನ ಏನು ಬೇಕಾದರೂ ಮಾತಾಡುತ್ತಾರೆ. ಇವಳು ಯಾರಿಗೂ ಹೇಳಲಾರಳು ಎಂಬ ಧೈರ್ಯ. ಸೊಸೆಯನ್ನು ಬೈಯುವವರು, ಗಂಡನ ಮೇಲೆ ಸಂಶಯ ಇರುವವರು, ಎಲ್ಲರೂ ನನ್ನ ಕಟ್ಟೆಗೆ ಬಂದು ಕೂರುತ್ತಾರೆ. ನನ್ನಲ್ಲಿ ಈಗಿರುವಷ್ಟು ಜನ ಹಾಸ್ಟೆಲ್ಲಿನ ಕಾಲದಲ್ಲೂ ಇರಲಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಹಳೆಯ ಕಾಲದ ಜನರನ್ನು ಹಳೆಯ ಕಾಲದಲ್ಲಿ ಹುಡುಕುತ್ತಿದ್ದೀ. ಅಲ್ಲಿ ಅವರಿಲ್ಲ. ಗೋಡೆ ಮುಟ್ಟಿ ನೋಡಿದರೆ ಕೈಗೆ ಸುಣ್ಣ ಹತ್ತುತ್ತದೆ, ಅಷ್ಟೇ. ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತುಕೋ. ಸಂತೆಯ ದಿನ ಹೋಗು.

ಹೋದ ವಾರ ಔಷಧಿಗೆಂದು ನಾನು ಹೋದಾಗ ಒಬ್ಬಾಕೆ ಕೈಚೀಲದಲ್ಲಿ ಕೋಳಿ ಇಟ್ಟುಕೊಂಡು ಹತ್ತಿದ್ದಳು. ಕಂಡಕ್ಟರು ಕೋಳಿಗೂ ಟಿಕೆಟ್ ತೆಗೆಸಬೇಕು ಎಂದ. ಅವಳು ಬಿಟ್ಟಾಳೆಯೇ? ನೀನು ಕೋಳಿ ತಿನ್ನುವಾಗ ಟಿಕೆಟ್ ಕೇಳಿದ್ದೀಯಾ ಎಂದು ಶುರುಮಾಡಿ ಅವನ ಹಿರಿಯರವರೆಗೂ ಹೋದಳು. ಬಸ್ಸೆಲ್ಲ ಅವಳ ಬಾಯಿ ನೋಡುತ್ತಿತ್ತು. ನಾನು ಕೈ ನೋಡಿದೆ. ಬಾಯಿ ಜಗಳ ಮಾಡುತ್ತಿದ್ದಷ್ಟು ಹೊತ್ತೂ ಅವಳ ಒಂದು ಕೈ ಚೀಲದೊಳಗಿತ್ತು. ಕೋಳಿ ಹೆದರಬಾರದೆಂದು ಮೆತ್ತಗೆ ಸವರುತ್ತಿತ್ತು.

ನಿನ್ನ ನೀಲವ್ವಳ ಕೈ ಏನು ಮಾಡುತ್ತದೆ? ನೀನು ಬರೆದದ್ದನ್ನು ನೋಡಿದರೆ ಅವಳಿಗೆ ಕೈಯೇ ಇದ್ದಂತಿಲ್ಲ.

ನಾನು ರಜೆಯ ಮೇಲಿದ್ದೇನೆ. ನಮ್ಮ ಹೆಡ್ ಮಾಸ್ತರು ಹಣಮಂತ್ರಾಯರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಪಾಠ ಮಾಡುವ ಚಿಂತೆ ಬೇಡ, ಶಹಾಪುರದ ಕಚೇರಿಯಲ್ಲಿ ಬರೆಯುವ ಕೆಲಸಕ್ಕೆ ಹಾಕಿಸಿಕೊಳ್ಳಬಹುದು, ಅಲ್ಲಿ ಯಾರೂ ಮಾತಾಡಿಸುವುದಿಲ್ಲ ಎಂದರು. ಸಮಾಧಾನಕ್ಕೆಂದೇ ಹೇಳಿದರು. ಚಹಾ ಕುಡಿದು ಹೋದರು. ನಾನು ಪಾಟಿಯನ್ನು ಗೂಡಿನಲ್ಲಿಟ್ಟು ಲೋಟ ತೊಳೆದೆ.

ಸುಂದ್ರಮ್ಮ


ಯಾದಗಿರಿ
17 ಸೆಪ್ಟೆಂಬರ್ 2023

ಪ್ರೀತಿಯ ಸುಂದ್ರಿ,

ಕಾಲೇಜಿನಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರಿಸಿ ಈಗಷ್ಟೇ ಬಂದೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಬರೆಯಲು ಒಳ್ಳೆಯ ಮಧ್ಯಾಹ್ನ.

ನೀನು ಹೇಳಿದಂತೆ ಬಸ್ಸಿನಲ್ಲಿ ಹೋದೆ. ಕೋಳಿಯವಳು ಸಿಗಲಿಲ್ಲ. ಆದರೆ ಸುರಪುರದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಗೊಲ್ಲಾಳಮ್ಮ ಎಂಬಾಕೆ ಸಿಕ್ಕಳು. ಎದುರಿಗೆ ನಿಂತು ಬಹಳ ಹೊತ್ತು ನೋಡಿದೆನೆಂದು ಕಾಣುತ್ತದೆ. "ಏನ್ ನೋಡಾಕತ್ತೀ ತಂಗಿ? ಕಾಯಿ ತಗೊಳ್ಳಾಕಿ ಇದ್ರ ತಗೋ, ಇಲ್ಲಂದ್ರ ಜರಾ ಸರಿ, ಗಾಳಿ ಬರಲಿ" ಎಂದಳು. ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತಂದಿದ್ದೇನೆ. ಅವಳ ಕೈ ತೂಗುತ್ತಿತ್ತು, ಕಾಲಿನ ಹೆಬ್ಬೆರಳು ಕಾಯಿ ಹರವಿದ ಗೋಣಿತಾಟಿನ ಅಂಚನ್ನು ಗಾಳಿಗೆ ಹಾರದಂತೆ ಒತ್ತಿ ಹಿಡಿದಿತ್ತು.

ಆ ಹೆಬ್ಬೆರಳನ್ನು ನೀಲವ್ವಳಿಗೆ ಕೊಟ್ಟೆ. ಅರಮನೆಯ ಪಡಸಾಲೆಯಲ್ಲಿ ಸೀರೆ ಮಡಿಚುವಾಗ ಅವಳೀಗ ಸೆರಗಿನ ತುದಿಯನ್ನು ಕಾಲಿನಿಂದ ಹಿಡಿಯುತ್ತಾಳೆ. ನಂಬುತ್ತೀಯಾ, ಆ ಒಂದು ವಾಕ್ಯ ಬರೆದ ಮೇಲೆ ಅವಳು ತಾನಾಗಿ ಎದ್ದು ಓಡಾಡಿದಳು.

ಆಮೇಲೆ ನಾನು ಎಣಿಸದ ಒಂದು ತಿರುವು ಬಂತು. ಯಾರೋ ಅವಳನ್ನು ಏನೋ ಕೇಳುತ್ತಾರೆ. ನಾನು ಉತ್ತರ ಬರೆಯಲು ಹೋದೆ, ಬರಲಿಲ್ಲ. ಅವಳು ಮೂಕಿ ಎಂದು ನನಗೆ ಗೊತ್ತಾದದ್ದೇ ಆಗ. ಚಿಕ್ಕಂದಿನಲ್ಲಿ ಗಂಟಲ ಬೇನೆ ಬಂದು ಮಾತು ಹೋಗಿದೆ. ಅಲ್ಲಿಂದ ಮುಂದೆ ಪೆನ್ನು ನಿಂತಿಲ್ಲ. ಕಲಬುರಗಿಯ ಒಂದು ಪತ್ರಿಕೆಯವರು ಒಂದು ಅಧ್ಯಾಯ ಕೇಳಿದ್ದರು, ಕಳಿಸಿಕೊಟ್ಟಿದ್ದೇನೆ.

ಯಾಕೋ ಇದನ್ನೆಲ್ಲ ನಿನಗೆ ಎದುರಿಗೆ ಕೂತು ಹೇಳಬೇಕು ಅನ್ನಿಸುತ್ತದೆ. ಇರಲಿ. ಹಣಮಂತ್ರಾಯರಿಗೆ ಏನು ಹೇಳಿದೆ?

ನಿನ್ನ,
ದಾನಿ


ವನದುರ್ಗ
22 ನವೆಂಬರ್ 2023

ದಾನೇಶ್ವರಿ ಮೇಡಂ ಅವರಿಗೆ,

ದೀಪಾವಳಿ ವಿಶೇಷಾಂಕದಲ್ಲಿ ನಿಮ್ಮ ಅಧ್ಯಾಯ ಓದಿದೆ. ಬುದ್ಧಪ್ರಿಯ ತಂದರು. ಬಸ್ಸಿನಲ್ಲೇ ಓದಿ ಮುಗಿಸಿದ್ದರೆಂದು ಕಾಣುತ್ತದೆ. ನನ್ನ ಕೈಗೆ ಕೊಡದೆ ಜೋಳದ ಚೀಲದ ಮೇಲಿಟ್ಟು ಹೊರಗೆ ಹೋದರು.

ಕುತ್ತಿಗೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡ ದಾಸಿ. ಏನಾದರೂ ಹೇಳುವುದಿದ್ದರೆ ಮೊದಲು ಎದುರಿನವರ ಮಣಿಕಟ್ಟನ್ನು ಎರಡು ಬೆರಳಿನಿಂದ ತಟ್ಟುವ ದಾಸಿ. ನುಂಗುವಾಗ ಕಣ್ಣು ಮುಚ್ಚಿಕೊಳ್ಳುವ ದಾಸಿ.

ಸೊಲ್ಲಾಪುರಕ್ಕೆ ನೀವು ನನ್ನನ್ನು ಮಾತಾಡಿಸಲು ಬಂದಿದ್ದಿರಿ ಎಂದುಕೊಂಡಿದ್ದೆ. ನೋಡಿಕೊಂಡು ಹೋಗಲು ಬಂದಿದ್ದಿರಿ.

ರಜೆ ಮುಂದುವರಿಸುವ ಅರ್ಜಿ ಕೊಡಲು ಶಾಲೆಗೆ ಹೋದರೆ ಬಿಸಿಯೂಟದ ಅಡುಗೆಯಾಕೆ ನನ್ನನ್ನು ತಬ್ಬಿಕೊಂಡು ಅತ್ತಳು. ದಾಸಿ ತಲೆ ತಗ್ಗಿಸಿ ಗೋಡೆಗೆ ಒರಗಿ ಸಾವಿಗೆ ಕಾಯುವ ಜಾಗ ಓದಿ ತಮಗೂ ಕಣ್ಣು ತುಂಬಿತು ಎಂದು ಹಣಮಂತ್ರಾಯರು ಹೇಳಿದರು. ಅವರು ಅದನ್ನು ಹೇಳುವಾಗ ನಾನು ಅವರ ಎದುರಿಗೇ ನಿಂತಿದ್ದೆ. ಯಾರೂ ನನ್ನನ್ನು ಕೂತುಕೋ ಎನ್ನಲಿಲ್ಲ. ಎಲ್ಲರೂ ಆ ದಾಸಿಯ ಬಗ್ಗೆ ಮಾತಾಡುತ್ತಿದ್ದರು.

ಶಹಾಪುರದ ಕಚೇರಿಗೆ ಹೋಗಲು ಒಪ್ಪಿದ್ದೇನೆ. ಆದೇಶ ಬರಬೇಕು.

ಉತ್ತರ ಬೇಡ.

ಇತಿ,
ಸುಂದ್ರಮ್ಮ
ಸಹಶಿಕ್ಷಕಿ


ಯಾದಗಿರಿ
3 ಡಿಸೆಂಬರ್ 2023

ಸುಂದ್ರಿ,

ಬೇಡ ಎಂದರೂ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಿದರೂ ಸರಿ.

ಹೋದ ಭಾನುವಾರ ವನದುರ್ಗಕ್ಕೆ ಬಂದಿದ್ದೆ. ಕೋಟೆಯ ಹತ್ತಿರ ಬಸ್ ಇಳಿದಾಗ ಬುದ್ಧಪ್ರಿಯ ಎದುರಿಗೆ ಸಿಕ್ಕರು. "ಇವತ್ತ ಬ್ಯಾಡ್ರಿ ಅಕ್ಕೋರ. ಆಕಿ ಸಿಟ್ಟು ಇನ್ನಾ ಇಳದಿಲ್ಲ. ಇಳದ್ರ ತಾನೇ ಬರೀತಾಳ" ಎಂದರು. ಚಹಾ ಕುಡಿಸಿ ಅದೇ ಬಸ್ಸಿಗೆ ಹತ್ತಿಸಿದರು. ಸಿಟ್ಟಾಗದೆ ಕಳಿಸಿದ್ದು ಇನ್ನೂ ಕಷ್ಟವಾಯಿತು.

ಅವಳು ಮೂಕಿ ಎಂದು ತಾನಾಗಿ ಗೊತ್ತಾಯಿತು ಎಂದು ನಿನಗೆ ಬರೆದಿದ್ದೆ. ಸುಳ್ಳು. ಮಣಿಕಟ್ಟು ತಟ್ಟುವುದನ್ನು ಬರೆಯುವಾಗ ನನ್ನ ಮಣಿಕಟ್ಟಿಗೆ ನಿನ್ನ ಬೆರಳು ತಾಕಿತ್ತು. ಆ ದಿನ ಆಸ್ಪತ್ರೆಯಲ್ಲಿ ನಿನಗೆ ಹೇಳಬೇಕಾದದ್ದು ಬಹಳ ಇತ್ತು, ಒಂದೂ ಬಾಯಿಗೆ ಬರಲಿಲ್ಲ. ಮನೆಗೆ ಬಂದು ಅವಳಿಗೆ ಹೇಳಿದೆ. ಅವಳಿಗೆ ಹೇಳುವುದು ಸುಲಭವಾಗಿತ್ತು, ಅವಳು ತಿರುಗಿ ನನ್ನ ಮುಖ ನೋಡುತ್ತಿರಲಿಲ್ಲ.

ನಿನ್ನನ್ನು ಕೇಳದೆ ತೆಗೆದುಕೊಂಡೆ. ಈಗ ಕೇಳುತ್ತೇನೆ. ನೀನು ತೆಗೆ ಎಂದರೆ ಅವಳನ್ನು ಪೂರ್ತಿ ತೆಗೆಯುತ್ತೇನೆ. ಅವಳಿಲ್ಲದೆ ಕಾದಂಬರಿ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಬೇಡ. ಒಂದು ಕಾದಂಬರಿ ಕಡಿಮೆಯಾದರೆ ಸುರಪುರಕ್ಕೆ ಏನೂ ಆಗುವುದಿಲ್ಲ.

ದಾನೇಶ್ವರಿ


ವನದುರ್ಗ
11 ಫೆಬ್ರವರಿ 2024

ದಾನಿ,

ಎರಡು ಸಲ ಬರೆಯಲು ಕೂತು ಎದ್ದೆ. ಇವತ್ತು ಬರೆದು ಮುಗಿಸುತ್ತೇನೆ.

ನಮ್ಮ ದೊಡ್ಡವ್ವ ಮಲಕಮ್ಮ ನಿನಗೆ ನೆನಪಿದ್ದಾಳೆಯೇ? ನನ್ನ ಮದುವೆಯಲ್ಲಿ ನಿನಗೆ ಒತ್ತಾಯ ಮಾಡಿ ಹೋಳಿಗೆ ಬಡಿಸಿದವಳು. ಸುರಪುರದಿಂದ ಬಂದು ಒಂದು ವಾರ ನಮ್ಮಲ್ಲಿದ್ದಳು. ಬುದ್ಧಪ್ರಿಯ ಸುಮ್ಮನಿರದೆ ಅವಳಿಗೆ ನಿನ್ನ ಅಧ್ಯಾಯ ಓದಿ ಹೇಳಿದರು. ದೊಡ್ಡವ್ವ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದಳು. ಅವಳ ಕಣ್ಣಿನಲ್ಲಿ ನೀರು ಬರಲಿಲ್ಲ.

"ಈಕಿ ಯಾರ ಪೈಕಿ?" ಎಂದು ಕೇಳಿದಳು.

ಅದು ಸುಂದ್ರಿಯೇ, ಅವಳ ಗೆಳತಿ ಬರೆದದ್ದು ಎಂದು ಇವರು ಹೇಳಿದರು.

"ಸುಂದ್ರಿ ಆದ್ರ ಅರಮನಿ ಒಳಗ ಹೆಂಗ ಹೋದ್ಲು? ನಮ್ಮನ್ನ ಯಾರು ಬಿಟ್ಟಿದ್ರು?"

ದಾನಿ, ಮೂರು ತಿಂಗಳು ನನ್ನ ಸಿಟ್ಟಿಗೆ ಹೆಸರು ಸಿಕ್ಕಿರಲಿಲ್ಲ. ಕುತ್ತಿಗೆಯ ಬಟ್ಟೆಗೆ ಸಿಟ್ಟು ಬಂದಿದೆ ಎಂದುಕೊಂಡಿದ್ದೆ. ಅಡುಗೆಯಾಕೆಯ ಅಳುವಿಗೆ ಬಂದಿದೆ ಎಂದುಕೊಂಡಿದ್ದೆ. ಅಲ್ಲ. ನೀನು ನನ್ನ ಗಂಟಲು ತೆಗೆದುಕೊಂಡೆ, ಬೆರಳು ತೆಗೆದುಕೊಂಡೆ, ಉಳಿದ ನನ್ನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿಕೊಂಡೆ. ರಾಣಿಯ ಸೀರೆ ಮಡಿಚಲು ಆಗ ನನ್ನ ನೆರಳನ್ನೂ ಹತ್ತಿರ ಬಿಡುತ್ತಿರಲಿಲ್ಲ. ಇತಿಹಾಸ ಪಾಠ ಮಾಡುವ ನಿನಗೆ ಇದು ಗೊತ್ತಿಲ್ಲದ್ದೇನಲ್ಲ. ಬರೆಯುವಾಗ ನೆನಪಾಗಲಿಲ್ಲ. ನಾವು ಒಂದೇ ತಟ್ಟೆಯಲ್ಲಿ ಉಂಡವರು, ಅದಕ್ಕೇ ನೆನಪಾಗಲಿಲ್ಲ ಎಂದು ಬುದ್ಧಪ್ರಿಯ ನಿನ್ನ ಪರವಾಗಿ ವಾದ ಮಾಡಿದರು. ಇರಬಹುದು.

ಅವಳನ್ನು ತೆಗೆಯಬೇಡ. ಪೂರ್ತಿ ತೆಗೆದುಕೋ. ಕೋಟೆಯ ಹೊರಗಿನ ಕೇರಿಯಲ್ಲಿಡು. ಊರು ಬಿಟ್ಟು ಹೋಗಲು ಗಾಡಿ ಇದ್ದವರು ಹೋದರು. ಗಾಡಿ ಇಲ್ಲದವರು ಏನು ಮಾಡಿದರು? ಅದನ್ನು ಬರೆ.

ಇನ್ನೊಂದು. ಅವಳು ಯಾವಾಗ ನೋಡಿದರೂ ತಲೆ ತಗ್ಗಿಸುತ್ತಾಳೆ. ಮಾತು ಹೋದವರು ಶಾಂತವಾಗಿರುತ್ತಾರೆ ಎಂದು ನಿನಗೆ ಯಾರು ಹೇಳಿದರು? ಮೊನ್ನೆ ನಾನು ಪಾಟಿಯ ಮೇಲೆ 'ಮೊಸರು' ಎಂದು ಬರೆಯುವಷ್ಟರಲ್ಲಿ ಇವರು ಮಜ್ಜಿಗೆಯಾ, ಹಾಲಾ, ನೀರಾ ಎಂದು ತಾವೇ ಮುಗಿಸಲು ನೋಡಿದರು. ಸೌಟು ಎಸೆದೆ. ಗೋಡೆಗೆ ಬಡಿದು ಸಾರೆಲ್ಲ ಇವರ ಅಂಗಿಗೆ ಸಿಡಿಯಿತು. ಇಬ್ಬರಿಗೂ ನಗು ಬಂತು. ನಕ್ಕರೆ ನನಗೆ ಸದ್ದು ಬರುವುದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಅದನ್ನು ನೋಡಿ ಇವರು ಇನ್ನಷ್ಟು ನಕ್ಕರು.

ಕಲಬುರಗಿಯ ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಾರೆ. ಬ್ಯಾಟರಿಯದು, ಗಂಟಲಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಮಾತು ಬರುತ್ತದೆ. ನನ್ನ ಮಾತಲ್ಲ. ಡಬ್ಬಿಯೊಳಗೆ ಜೀರುಂಡೆ ಹಾಕಿದ ಹಾಗೆ. ಒಮ್ಮೆ ಮಾತಾಡಿ ಕಪಾಟಿನಲ್ಲಿಟ್ಟೆ. "ಅದರಾಗ ನನ್ನ ಹೆಸರು ಕರಿ" ಎಂದು ದೊಡ್ಡವ್ವ ಹಟ ಹಿಡಿದಳು. ಕರೆದೆ. ಅವಳು 'ಓ' ಎಂದಳು, ದಿನಾ ಅದೇ ಧ್ವನಿಯಲ್ಲಿ ಕರೆಯುತ್ತಿದ್ದೇನೋ ಎಂಬಂತೆ. ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಸುಂದ್ರಿ


ಯಾದಗಿರಿ
14 ಏಪ್ರಿಲ್ 2024

ಪ್ರೀತಿಯ ಸುಂದ್ರಿ,

ಹೊರಗೆ ಜಯಂತಿಯ ಮೆರವಣಿಗೆ ಹೋಗುತ್ತಿದೆ. ನಿನ್ನ ಕಾಗದ ಬಂದಾಗಿನಿಂದ ಕಾಲೇಜು, ಮನೆ, ಮೇಜು, ಇಷ್ಟೇ ನನ್ನ ಓಡಾಟ. ಮೊದಲ ಪುಟದಿಂದ ಮತ್ತೆ ಬರೆದೆ.

ನೀಲವ್ವ ಈಗ ಕೋಟೆಗೋಡೆಯ ಹೊರಗಿದ್ದಾಳೆ. ಅರಮನೆಯ ಪಡಸಾಲೆ ಹೋಯಿತು, ರಾಣಿಯ ಸೀರೆಗಳು ಹೋದವು. ಬಹಳ ಚೆಂದದ ವರ್ಣನೆಗಳಿದ್ದವು ಸುಂದ್ರಿ, ಕಿತ್ತು ಹಾಕುವಾಗ ಹೊಟ್ಟೆ ಉರಿಯಿತು. ಆದರೆ ಹೊರಗಿನಿಂದ ನೋಡಿದರೆ ಆ ಕೋಟೆಯೇ ಬೇರೆ. ಒಳಗಿನ ಸುದ್ದಿ ಅವಳಿಗೆ ಹೊಗೆಯಿಂದ ಗೊತ್ತಾಗುತ್ತದೆ, ಯಾವ ಒಲೆ ಇವತ್ತು ಹತ್ತಲಿಲ್ಲ ಎಂಬುದರಿಂದ ಗೊತ್ತಾಗುತ್ತದೆ. ಸಿಟ್ಟು ಬಂದರೆ ಕೈಗೆ ಸಿಕ್ಕದ್ದನ್ನು ಎಸೆಯುತ್ತಾಳೆ.

ಊರು ಬಿಡುವ ದಿನದ ಅಧ್ಯಾಯಕ್ಕೆ ಒಬ್ಬ ಬಟ್ಟೆ ವ್ಯಾಪಾರಿ ಬೇಕಾಗಿದ್ದ. ಅವನಿಗಾಗಿ ನಾನು ಯಾವ ಸಂತೆಗೂ ಹೋಗಲಿಲ್ಲ. ನಮ್ಮ ಹಿರಿಯರು ಸುರಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಗಾಡಿ ಹೂಡಿಕೊಂಡು ಹೋದವರಲ್ಲಿ ನಮ್ಮವರೂ ಇದ್ದಿರಬೇಕು. ಬೀಗ ಹಾಕಿ ಜಗ್ಗಿ ನೋಡಿ, ಸ್ವಲ್ಪ ದೂರ ಹೋಗಿ, ಮತ್ತೆ ಬಂದು ಜಗ್ಗುವ ಆ ವ್ಯಾಪಾರಿ ನಮ್ಮ ಅಪ್ಪ. ಗಾಡಿ ಹತ್ತುವ ಮುಂಚೆ ಅವನು ನೀಲವ್ವಳನ್ನು ದೂರದಲ್ಲಿ ನಿಲ್ಲಿಸಿ, ಅಂಗಡಿಯ ಕಡೆ ಲಕ್ಷ್ಯ ಇಡು ಎಂದು ಹೇಳುತ್ತಾನೆ. ಗಾಡಿಯಲ್ಲಿ ಜಾಗ ಇರುತ್ತದೆ. ಬಾ ಎನ್ನುವುದು ಅವನಿಗೆ ಹೊಳೆಯುವುದೇ ಇಲ್ಲ. ಅದನ್ನು ಬರೆದ ದಿನ ನಾನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಪಾಪ, ಅವರಿಗೆ ಏನಾಯಿತೆಂದೇ ತಿಳಿಯಲಿಲ್ಲ.

ಈ ಸಲ ಮುದ್ರಣಕ್ಕೆ ಕೊಡುವ ಮುಂಚೆ ನಿನಗೆ ಕಳಿಸುತ್ತಿದ್ದೇನೆ. ಎಲ್ಲಿ ಸುಳ್ಳಾಗಿದೆಯೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗೀಚು. ಕೊನೆಯಲ್ಲಿ ನೀಲವ್ವ ಕೇರಿ ಬಿಟ್ಟು ಹೈದರಾಬಾದಿನ ದಾರಿ ಹಿಡಿಯುತ್ತಾಳೆ. ಅದು ಸರಿಯೋ ಇಲ್ಲವೋ ಗೊತ್ತಿಲ್ಲ.

ನಿನ್ನ,
ದಾನಿ


ವನದುರ್ಗ
26 ಮೇ 2024

ಪ್ರೀತಿಯ ದಾನಿ,

ಕೆಂಪು ಪೆನ್ನು ಬಹಳ ಖರ್ಚಾಗಿದೆ. ಪುಟಗಳನ್ನು ಬುದ್ಧಪ್ರಿಯರ ಕೈಯಲ್ಲಿ ಕಳಿಸುತ್ತೇನೆ, ನೋಡಿ ಗಾಬರಿಯಾಗಬೇಡ. ಅರ್ಧಕ್ಕರ್ಧ ಕಾಗುಣಿತದ ತಪ್ಪುಗಳೇ.

ಬುದ್ಧ ಪೂರ್ಣಿಮೆಯ ದಿನ ಏನಾಯಿತು ಕೇಳು. ಸುರಪುರದಲ್ಲಿ ದೊಡ್ಡವ್ವನ ಓಣಿಯ ಬುದ್ಧವಿಹಾರದಲ್ಲಿ ಸಂಜೆ ವಂದನೆ ಇತ್ತು. ಹೆಂಗಸರೇ ಹೆಚ್ಚು. ಖೀರು ಹಂಚುವುದು ತಡ ಎಂದಾಯಿತು, ಹಾಲು ಇನ್ನೂ ಕಾಯಬೇಕಿತ್ತು. ಅಷ್ಟರಲ್ಲಿ ದೊಡ್ಡವ್ವ, ನಮ್ಮ ಸುಂದ್ರಿಯ ಹತ್ತಿರ ಒಂದು ಕಥೆ ಇದೆ, ಓದುತ್ತಾಳೆ ಎಂದುಬಿಟ್ಟಳು. ಪುಟಗಳು ನನ್ನ ಚೀಲದಲ್ಲಿದ್ದವು. ಬುದ್ಧಪ್ರಿಯ ಓದಲೆಂದು ಕೈ ಚಾಚಿದರು. ನಾನು ಕೊಡಲಿಲ್ಲ. ನೀಲವ್ವ ಕೈಗೆ ಸಿಕ್ಕದ್ದನ್ನು ಎಸೆಯುವ ಪುಟವೂ ಅದರಲ್ಲಿತ್ತು. ಇವರು ಓದಿದರೆ ನಯವಾಗಿ ಓದಿಬಿಡುತ್ತಾರೆ.

ಯಂತ್ರ ತೆಗೆದು ಗಂಟಲಿಗೆ ಹಿಡಿದು, ಊರು ಬಿಡುವ ದಿನದಿಂದ ಕೊನೆಯವರೆಗೂ ಓದಿದೆ. ಮೊದಲ ಸಾಲಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳು ಕಿಸಕ್ಕೆಂದವು. ವ್ಯಾಪಾರಿ ಬೀಗ ಜಗ್ಗುವ ಹೊತ್ತಿಗೆ ಸದ್ದಡಗಿತು. ಅವನು ನೀಲವ್ವಳನ್ನು ದೂರ ನಿಲ್ಲಿಸಿ ಮಾತಾಡುವಾಗ ಹಿಂದಿನ ಸಾಲಿನಿಂದ ಮಲ್ಲಾಬಾಯಿ ಎಂಬಾಕೆ, "ಗಾಡ್ಯಾಗ ಜಾಗ ಇತ್ತಲ್ಲೋ ಮಾರಾಯಾ" ಎಂದಳು. ಯಾರೂ ನಗಲಿಲ್ಲ. ನನ್ನ ಧ್ವನಿ ಹೇಗಿದೆ ಎಂಬುದು ಆಗ ಅವರಿಗೂ ಮರೆತಿತ್ತು, ನನಗೂ ಮರೆತಿತ್ತು.

ಹಾಲು ಉಕ್ಕಿ ಒಲೆ ಆರಿತು. ಯಾರೂ ಏಳಲಿಲ್ಲ.

ಮುಗಿದ ಮೇಲೆ ತಕರಾರು ಶುರುವಾಯಿತು. ಒಬ್ಬಳು ನೀಲವ್ವ ನಮ್ಮ ಅಜ್ಜಿಯ ಹಾಗೆ ಎಂದಳು, ಇನ್ನೊಬ್ಬಳು ನಿಮ್ಮ ಅಜ್ಜಿಗೆ ಅಷ್ಟು ಧೈರ್ಯ ಎಲ್ಲಿತ್ತು ಎಂದಳು. ದೊಡ್ಡವ್ವ ಕೊನೆಗೆ ಮಾತಾಡಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಎಲ್ಲಾರೂ ಬಿಟ್ಟು ಹೋದ ಮ್ಯಾಲ ಈಕಿ ಯಾಕ ಹೈದರಾಬಾದಿಗೆ ಹೋಗ್ತಾಳ? ಊರು ಖಾಲಿ ಅದ. ಕಾಯವ್ರಿಲ್ಲ, ಬೈಯವ್ರಿಲ್ಲ. ದರ್ವಾಜಾ ತಗದದ. ಬಿಸಲು ಬ್ಯಾರೆ. ಒಳಗ ಹೋಗಿ ಬಾವ್ಯಾಗ ನೀರು ಸೇದ್ಲಿ. ಇಷ್ಟು ವರ್ಷ ದೂರ ನಿಂತು ಯಾರಾದ್ರೂ ಹಾಕ್ತಾರೇನು ಅಂತ ಕಾದಾಳ. ಇವತ್ತ ತಾನೇ ಸೇದ್ಲಿ."

ಇಡೀ ವಿಹಾರ ಹೌದು ಎಂದಿತು.

ಹಣಮಂತ್ರಾಯರಿಗೆ ಕಾಗದ ಬರೆದಿದ್ದೇನೆ. ಕಚೇರಿಗೆ ಹೋಗಲಾರೆ, ನನ್ನ ತರಗತಿ ನನಗೇ ಇರಲಿ ಎಂದು.

ಸುಂದ್ರಿ


ಯಾದಗಿರಿ
9 ಜೂನ್ 2024

ಪ್ರೀತಿಯ ಸುಂದ್ರಿ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಕೂತು ಎರಡು ಸಲ ಓದಿದೆ. ಆಮೇಲೆ ಎದ್ದು ಕೊನೆಯ ಅಧ್ಯಾಯ ಹರಿದು ಹಾಕಿದೆ.

ಮಲಕಮ್ಮ ದೊಡ್ಡವ್ವ ಹೇಳಿದಂತೆಯೇ ಬರೆದೆ. ನೀಲವ್ವ ಬಾಗಿಲು ದಾಟಿದಳು. ಖಾಲಿ ಬೀದಿ, ಖಾಲಿ ಕಟ್ಟೆ. ಬಾವಿಯ ಹತ್ತಿರ ಹೋದಳು. ಹಗ್ಗ ಅಲ್ಲೇ ಇತ್ತು. ಸೇದಿದಳು. ಬೊಗಸೆಯಲ್ಲಿ ಕುಡಿದಳು. ಅಲ್ಲಿಗೆ ನಿಂತೆ. ಬೊಗಸೆ ಎತ್ತಿದ ಕೂಡಲೇ ಅವಳು ಮತ್ತೆ ವೇದಿಕೆ ಹತ್ತಿದಳು ಸುಂದ್ರಿ. ಚಿತ್ರ ತೆಗೆಸಿಕೊಳ್ಳುವವಳ ಹಾಗೆ ನಿಂತಿದ್ದಾಳೆ. ಇನ್ನೇನು ಇಂಗ್ಲಿಷರ ಕುದುರೆಗಳ ಸದ್ದು ಕೇಳಬೇಕು, ಅವಳು ಏನು ಮಾಡಬೇಕೋ ತೋಚುತ್ತಿಲ್ಲ. ಓಡಲೇ? ಎದುರಿಗೆ ನಿಲ್ಲಲೇ? ಎರಡೂ ನಾಟಕದಂತೆ ಕಾಣುತ್ತದೆ.

ಕೆಂಪು ಪೆನ್ನು ಹಿಡಿದು ಹೇಳು. ಶಾಲೆ ಹೇಗಿದೆ ಎಂಬುದನ್ನೂ ಹೇಳು.

ನಿನ್ನ,
ದಾನಿ


ವನದುರ್ಗ
23 ಜೂನ್ 2024

ಪ್ರೀತಿಯ ದಾನಿ,

ಮೊದಲು ಶಾಲೆ. ಯಂತ್ರ ಹಿಡಿದು ಹಾಜರಿ ಕರೆದೆ. ಮೊದಲ ಹೆಸರಿಗೆ ಮಕ್ಕಳೆಲ್ಲ ನಕ್ಕವು, ಎರಡನೆಯದಕ್ಕೂ ನಕ್ಕವು. ನಾನು ಬೈಯಲಿಲ್ಲ, ಈ ಧ್ವನಿಯಲ್ಲಿ ಬೈದರೆ ಇನ್ನೂ ನಗುತ್ತವೆ. ಮಧ್ಯಾಹ್ನ ಊಟದಿಂದ ಬಂದು ನೋಡಿದರೆ ಇಡೀ ತರಗತಿ ಗಂಟಲಿಗೆ ಪೆನ್ಸಿಲ್ ಒತ್ತಿಕೊಂಡು ನನ್ನ ಹಾಗೆ ಮಾತಾಡುತ್ತಿತ್ತು. ದಾನೇಶ್ವರಿ ಎಂದು ನಿನ್ನ ಹೆಸರಿನ ಹುಡುಗಿ ಒಬ್ಬಳಿದ್ದಾಳೆ. ನಾನು ಯಂತ್ರ ಹಿಡಿಯುವ ಮುಂಚೆ ಸೆರಗು ಸರಿಮಾಡಿಕೊಳ್ಳುವುದನ್ನೂ ಬಿಡದೆ ಮಾಡಿ ತೋರಿಸಿದಳು. ಅವಳು ದೊಡ್ಡವಳಾದ ಮೇಲೆ ಕಥೆ ಬರೆಯುತ್ತಾಳೋ, ಏನು ಮಾಡುತ್ತಾಳೋ. ಹಣಮಂತ್ರಾಯರು ಬಾಗಿಲಲ್ಲಿ ನಿಂತು ನೋಡಿ ಹೋದರು.

ಇನ್ನು ನಿನ್ನ ಬಾವಿ. ದೊಡ್ಡವ್ವನಿಗೆ ತೋರಿಸಬೇಕಾಗಿಲ್ಲ, ಇದಕ್ಕೆ ಉತ್ತರ ನನಗೇ ಗೊತ್ತಿದೆ.

ಅಂಥ ಬಿಸಿಲಿನಲ್ಲಿ ತುಂಬಿದ ಬಾವಿ ಸಿಕ್ಕ ಹೆಂಗಸು ಬೊಗಸೆ ನೀರು ಕುಡಿದು ನಿಲ್ಲುತ್ತಾಳೆಯೇ? ಅದು ದೇವರ ಪಟದಲ್ಲಿ. ಅವಳು ಮೊದಲು ತಲೆ ತೊಳೆದುಕೊಳ್ಳುತ್ತಾಳೆ. ಎಷ್ಟು ತಿಂಗಳಾಗಿದೆಯೋ. ಒಂದು ಕೊಡ ಸುರಿದುಕೊಳ್ಳಲಿ, ಸಾಲದೆನಿಸಿದರೆ ಇನ್ನೊಂದು ಸೇದಲಿ. ನೀರು ಕಟ್ಟೆಯ ಮೇಲೆ ಚೆಲ್ಲಲಿ, ಹಾಳಾಗಲಿ. ಯಾರೋ ವ್ಯಾಪಾರಿಯ ಮನೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕೂದಲು ಬಿಚ್ಚಿಕೊಳ್ಳಲಿ. ಬೆರಳಿನಿಂದಲೇ ಸಿಕ್ಕು ಬಿಡಿಸಲಿ. ಸಿಕ್ಕು ಬಹಳ ಇರುತ್ತದೆ, ಅವಸರ ಮಾಡಬೇಡ, ಒಂದು ಪುಟ ಬರೆ.

ಕುದುರೆಗಳು ಬರಲಿ. ಸಾಹೇಬರು ಬರಲಿ. ಅವರು ಏನು ಕೇಳಿದರೂ ಅವಳು ಓಡುವುದೂ ಬೇಡ, ಎದುರಿಗೆ ನಿಲ್ಲುವುದೂ ಬೇಡ. ಏಳುವುದೇ ಬೇಡ.

ಕೂದಲು ಇನ್ನೂ ಒಣಗಿಲ್ಲ.

ನಿನ್ನ,
ಸುಂದ್ರಿ